ಎಂಟು ಸೋಲು, ಒಂದು ಬಾಸೆಲ್



ಎಂಟು ಪಂದ್ಯ. ಎಂಟು ಸೋಲು. ಹೊಡೆದ ಗೋಲು 7, ಹೊಡೆಸಿಕೊಂಡ ಗೋಲು 27. ಅಂಕ? ದೊಡ್ಡ ಸೊನ್ನೆ.

ಇದು ಸ್ಲೊವಾಕಿಯಾ ದೇಶದ ಸ್ಲೊವಾನ್ ಬ್ರಾಟಿಸ್ಲಾವಾ ಅನ್ನೋ ಫುಟ್‌ಬಾಲ್ ಕ್ಲಬ್ಬಿನ ಲೆಕ್ಕ. 2024-25ರ ಸಾಲಿನಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗ್‌ನ ಮುಖ್ಯ ಹಂತಕ್ಕೆ ಮೊದಲ ಸಲ ಕಾಲಿಟ್ಟ ಕ್ಲಬ್ ಅದು. ಸ್ಕಾಟ್ಲೆಂಡಿನ ಸೆಲ್ಟಿಕ್ ಐದು ಗೋಲು ಹೊಡೀತು. ಮ್ಯಾಂಚೆಸ್ಟರ್ ಸಿಟಿ ಬಂದು ನಾಲ್ಕು ಹೊಡೀತು. ಕ್ರೊಯೇಷಿಯಾದ ಡಿನಾಮೊ ಜಾಗ್ರೆಬ್ ಕೂಡ ನಾಲ್ಕು ಹೊಡೀತು. ಕೊನೆಗೆ ಬಯರ್ನ್ ಮ್ಯೂನಿಕ್ ತನ್ನ ಮನೆಯಂಗಳದಲ್ಲಿ ಮೂರು ಹೊಡೆದು, ಆಯ್ತು ಹೋಗ್ಬನ್ನಿ ಅಂತ ಕಳಿಸಿಕೊಡ್ತು.

ಈ ಅಂಕಿ ನೋಡಿದ ಯಾರಿಗಾದ್ರೂ ನಗು ಬರುತ್ತೆ. ಇಂಥಾ ತಂಡವನ್ನ ದೊಡ್ಡವರ ಜೊತೆ ಯಾಕ್ರೀ ಆಡಿಸ್ತಾರೆ ಅನ್ನಿಸುತ್ತೆ. ಸಹಜ. ಆದ್ರೆ ಒಂದ್ನಿಮಿಷ ತಡೀರಿ. ಇದೇ ಸ್ಲೊವಾನ್ 1969ರಲ್ಲಿ ಯುರೋಪಿಯನ್ ಕಪ್ ಒಂದರ ಫೈನಲ್‌ಗೆ ಬಂದಿತ್ತು. ಎದುರಿಗಿದ್ದದ್ದು ಯಾರು ಗೊತ್ತಾ? ಬಾರ್ಸಿಲೋನಾ. ಗೆದ್ದದ್ದು ಯಾರು? ಸ್ಲೊವಾನ್!

ಅವತ್ತು ಬಾರ್ಸಿಲೋನಾವನ್ನ ಮಣಿಸಿದ ಕ್ಲಬ್ 2024-25ರಲ್ಲಿ ಎಂಟಕ್ಕೆ ಎಂಟೂ ಸೋತಿತು. ನಡುವೆ ಏನಾಯ್ತು? ಇವತ್ತು ನಾನು ಹೇಳೋಕೆ ಹೊರಟಿರೋದು ಆ ಕಥೆ. ಇದು ಬರೀ ಚೆಂಡಾಟದ ಕಥೆ ಅಂದ್ಕೋಬೇಡಿ. ಸೈನ್ಯ, ಸರ್ಕಾರ, ಗಡಿ, ಬೇಲಿ, ಎಲ್ಲಾ ಇದೆ ಇದರೊಳಗೆ.

ಮೊದಲಿಂದ ಶುರು ಮಾಡೋಣ. ಬ್ರಾಟಿಸ್ಲಾವಾ ಇರೋದು ಡ್ಯಾನ್ಯೂಬ್ ನದಿಯ ದಂಡೆಯಲ್ಲಿ. ಒಂದು ಕಡೆ ಆಸ್ಟ್ರಿಯಾ, ಇನ್ನೊಂದು ಕಡೆ ಹಂಗೇರಿ. ಜರ್ಮನ್ನರು ಈ ಊರನ್ನ ಪ್ರೆಸ್‌ಬುರ್ಗ್ ಅಂತಿದ್ರು. ಹಂಗೇರಿಯವರು ಪೊಜೊನಿ ಅಂತಿದ್ರು. 1910ರ ಜನಗಣತಿ ತೆಗೆದು ನೋಡಿದ್ರೆ ಊರಲ್ಲಿ ಸ್ಲೊವಾಕ್ ಭಾಷೆಯವರು ನೂರಕ್ಕೆ 15 ಮಂದಿ ಮಾತ್ರ. ಮೊದಲ ಮಹಾಯುದ್ಧ ಮುಗೀತು, ಹಳೇ ಸಾಮ್ರಾಜ್ಯ ಕುಸೀತು, ಚೆಕೊಸ್ಲೊವಾಕಿಯಾ ಅನ್ನೋ ಹೊಸ ದೇಶ ಹುಟ್ಟಿತು. 1919ರ ಮಾರ್ಚ್‌ನಲ್ಲಿ ಊರಿಗೆ ಬ್ರಾಟಿಸ್ಲಾವಾ ಅನ್ನೋ ಹೆಸರು ಅಧಿಕೃತವಾಯ್ತು.

ಅದಾಗಿ ಎರಡು ತಿಂಗಳೂ ಕಳೆದಿರಲಿಲ್ಲ. ಮೇ 3ರಂದು ಪನೋನಿಯಾ ಅನ್ನೋ ಕಾಫಿ ಮನೆಯಲ್ಲಿ ಒಂದಷ್ಟು ಜನ ಸೇರಿ ಕ್ಲಬ್ ಕಟ್ಟಿದರು. ಹೆಸರೇನಿಟ್ಟರು? ಮೊದಲ ಚೆಕೊಸ್ಲೊವಾಕ್ ಕ್ರೀಡಾ ಕ್ಲಬ್. ನೋಡಿ, ದೇಶ ಹೊಸದು, ಊರಿನ ಹೆಸರು ಹೊಸದು, ಕ್ಲಬ್ಬಿನ ಹೆಸರಲ್ಲೂ ಆ ದೇಶ. ಮೂರು ಭಾಷೆಯ ಊರಿನಲ್ಲಿ, ನಾವು ಇಂಥವರು ಅಂತ ಹೇಳಿಕೊಳ್ಳೋಕೆ ಒಂದು ಫುಟ್‌ಬಾಲ್ ತಂಡ ಬೇಕಾಗಿತ್ತು.

ಇಟ್ಟ ಹೆಸರು ಉಳೀತಾ? ಉಳಿಯಲಿಲ್ಲ ಸ್ವಾಮಿ. 1939ರಲ್ಲಿ ಹಿಟ್ಲರ್ ಚೆಕೊಸ್ಲೊವಾಕಿಯಾವನ್ನ ಒಡೆದು ಹಾಕಿದ. ಚೆಕ್ ಭಾಗವನ್ನ ತಾನೇ ನುಂಗಿದ. ಸ್ಲೊವಾಕಿಯಾದಲ್ಲಿ ತನ್ನ ಮಾತು ಕೇಳೋ ಒಂದು ಸರ್ಕಾರ ಬಂತು. ಕ್ಲಬ್ಬಿನ ಹೆಸರಿಂದ 'ಚೆಕೊಸ್ಲೊವಾಕ್' ಅನ್ನೋ ಪದ ಹೋಯ್ತು. ಬರೀ ಬ್ರಾಟಿಸ್ಲಾವಾ ಕ್ರೀಡಾ ಕ್ಲಬ್ ಅಂತ ಆಯ್ತು. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು, ಹೆಸರು ಸೊಕೊಲ್ ಆಯ್ತು. 1953ರಲ್ಲಿ ಸ್ಲೊವಾನ್ ಆಯ್ತು. ಸ್ಲೊವಾನ್ ಅಂದ್ರೆ ಸ್ಲಾವ್ ಜನಾಂಗದವನು ಅಂತ ಅರ್ಥ. 1961ರಲ್ಲಿ ಅದರ ಹಿಂದೆ ಒಂದು ರಾಸಾಯನಿಕ ಕಾರ್ಖಾನೆಯ ಹೆಸರೂ ಸೇರಿಕೊಳ್ತು. ಆ ಕಾರ್ಖಾನೆ ಯಾರದ್ದು ಗೊತ್ತಾ? ಶುರು ಮಾಡಿದ್ದು ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್. ಕಮ್ಯುನಿಸ್ಟರು ಅದನ್ನ ವಶಕ್ಕೆ ತಗೊಂಡು, ಬಲ್ಗೇರಿಯಾದ ನಾಯಕ ಡಿಮಿಟ್ರೋವ್ ಹೆಸರಿಟ್ಟಿದ್ದರು.

ಅಧಿಕಾರಕ್ಕೆ ಬಂದವರೆಲ್ಲಾ ಕ್ಲಬ್ಬಿನ ಬೋರ್ಡು ಬದಲಾಯಿಸಿದರು. ಜನ ಮಾತ್ರ ಅದೇ ಮೈದಾನಕ್ಕೆ ಹೋಗ್ತಾನೇ ಇದ್ದರು. ಆ ಮೈದಾನದ ಹೆಸರು ತೆಹೆಲ್ನೆ ಪೊಲೆ. ಅಂದ್ರೆ ಇಟ್ಟಿಗೆ ಬಯಲು. ಸ್ಟೇಡಿಯಂ ಕಟ್ಟಿದ್ದು 1940ರಲ್ಲಿ.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. 1940, 41, 42, 44. ಈ ನಾಲ್ಕು ವರ್ಷ ಸ್ಲೊವಾಕಿಯಾದ ಲೀಗ್ ಗೆದ್ದದ್ದು ಇದೇ ಕ್ಲಬ್. ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಅದಿದೆ. ಆದ್ರೆ ಅದೇ 1942ರಲ್ಲಿ ಅದೇ ಸ್ಲೊವಾಕ್ ಸರ್ಕಾರ ಸುಮಾರು 58,000 ಯಹೂದಿಗಳನ್ನ ರೈಲಿಗೆ ತುಂಬಿ ನಾಜಿಗಳ ಕೈಗೆ ಒಪ್ಪಿಸ್ತು. ಮಾರ್ಚ್‌ನಲ್ಲಿ ಹೊರಟ ಮೊದಲ ರೈಲಿನಲ್ಲಿ ಇದ್ದವರು ಹೆಣ್ಣುಮಕ್ಕಳು. ಸುಮಾರು ಒಂದು ಸಾವಿರ ಮಂದಿ. ರೈಲು ಹೋಗಿ ನಿಂತದ್ದು ಆಶ್‌ವಿಟ್ಸ್‌ನಲ್ಲಿ. ಒಂದು ಕಡೆ ಇಟ್ಟಿಗೆ ಬಯಲಿನಲ್ಲಿ ಕಪ್ ಎತ್ತುತ್ತಿದ್ದರು, ಇನ್ನೊಂದು ಕಡೆ ನೆರೆಮನೆಗಳು ಖಾಲಿ ಆಗ್ತಿದ್ದವು. ಆಟಗಾರರು ತಪ್ಪು ಮಾಡಿದರು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ಕಪ್‌ಗಳನ್ನ ಎಣಿಸುವಾಗ ಆ ರೈಲನ್ನೂ ನೆನಪಿಟ್ಕೊಬೇಕು. ಬರೀ ಜಮಾ ಕಡೆ ಬರೆದು ಖರ್ಚಿನ ಕಡೆ ಖಾಲಿ ಬಿಟ್ಟರೆ ಅದು ಲೆಕ್ಕ ಅಲ್ಲ, ಸುಳ್ಳು ಲೆಕ್ಕ.

ಯುದ್ಧ ಮುಗೀತು. 1946ರಲ್ಲಿ ಬುಡಾಪೆಸ್ಟ್‌ನಿಂದ ಒಬ್ಬ ಹುಡುಗ ಈ ಕ್ಲಬ್ಬಿಗೆ ಬಂದ. ವಯಸ್ಸು ಇನ್ನೂ 19. ಹೆಸರು ಲಾಸ್ಲೊ ಕುಬಾಲಾ. ತರಬೇತುದಾರ ಫರ್ಡಿನಾಂಡ್ ದೌಚಿಕ್. ಹುಡುಗ ಆಟ ಕಲಿತ, ಜೊತೆಗೆ ಕೋಚ್ ಸಾಹೇಬರ ತಂಗಿಯನ್ನೇ ಮದುವೆ ಆದ! 1948ರಲ್ಲಿ ಹಂಗೇರಿಗೆ ವಾಪಸ್ ಹೋದ. ಅಲ್ಲೂ ಕಮ್ಯುನಿಸ್ಟರ ಹಿಡಿತ ಬಿಗಿಯಾಗ್ತಿತ್ತು. 1949ರ ಜನವರಿಯಲ್ಲಿ ಗಡಿ ದಾಟಿ ಓಡಿ ಹೋದ. ಓಡಿ ಓಡಿ ಕೊನೆಗೆ ಎಲ್ಲಿಗೆ ಮುಟ್ಟಿದ? ಬಾರ್ಸಿಲೋನಾಗೆ. ಹಿಂದೆಯೇ ಭಾವ ದೌಚಿಕ್ ಅದೇ ಬಾರ್ಸಿಲೋನಾಗೆ ಕೋಚ್ ಆದ.

ಈ ಕುಬಾಲಾ ಅಲ್ಲಿ ದೇವರಂಥ ಆಟಗಾರನಾದ ಕಣ್ರೀ. 1999ರಲ್ಲಿ ಕ್ಲಬ್ಬಿಗೆ ನೂರು ವರ್ಷ ತುಂಬಿದಾಗ, ನಮ್ಮ ಸಾರ್ವಕಾಲಿಕ ಶ್ರೇಷ್ಠ ಆಟಗಾರ ಯಾರು ಅಂತ ಬಾರ್ಸಿಲೋನಾ ಅಭಿಮಾನಿಗಳು ಮತ ಹಾಕಿದರು. ಗೆದ್ದದ್ದು ಕುಬಾಲಾ. ಅವರ ಕ್ಯಾಂಪ್ ನೌ ಸ್ಟೇಡಿಯಂ ಹೊರಗೆ ಅವನ ಪ್ರತಿಮೆ ನಿಲ್ಲಿಸಿದರು. ಬ್ರಾಟಿಸ್ಲಾವಾದಲ್ಲಿ ಆಡಿ ಬೆಳೆದವನ ಪ್ರತಿಮೆ ಬಾರ್ಸಿಲೋನಾದಲ್ಲಿ. ಈ ವಿಷಯ ತಲೇಲಿಟ್ಕೊಳ್ಳಿ. ಯಾಕಂದ್ರೆ ಈಗ ನಾವು ಹೋಗ್ತಿರೋದು ಅದೇ ಎರಡು ಕ್ಲಬ್ಬುಗಳು ಎದುರುಬದುರಾದ ರಾತ್ರಿಗೆ.

1968. ಚೆಕೊಸ್ಲೊವಾಕಿಯಾದ ಕಮ್ಯುನಿಸ್ಟ್ ಪಕ್ಷದ ನಾಯಕ ಅಲೆಕ್ಸಾಂಡರ್ ದುಬ್ಚೆಕ್. ಸ್ಲೊವಾಕಿಯಾದ ಉಹ್ರೊವೆತ್ಸ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದವನು. ಅವನು ಏನಂದ? ಸಮಾಜವಾದ ಇರಲಿ, ಆದ್ರೆ ಅದಕ್ಕೆ ಮನುಷ್ಯನ ಮುಖ ಇರಲಿ ಅಂದ. ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆದ. ಜನ ಬಾಯಿ ಬಿಟ್ಟು ಮಾತಾಡೋಕೆ ಶುರು ಮಾಡಿದರು. ಮಾಸ್ಕೋಗೆ ಅದು ಸಹಿಸಲಿಲ್ಲ. ಆಗಸ್ಟ್ 20ರ ರಾತ್ರಿ ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳ ಟ್ಯಾಂಕುಗಳು ಗಡಿ ದಾಟಿ ನುಗ್ಗಿದವು. 21ನೇ ತಾರೀಖು ಬ್ರಾಟಿಸ್ಲಾವಾದ ಬೀದಿಯಲ್ಲಿ ಒಬ್ಬ ಸಾಮಾನ್ಯ ಮನುಷ್ಯ ಅಂಗಿ ಬಿಚ್ಚಿ, ಎದೆ ತೆರೆದು, ಟ್ಯಾಂಕಿನ ನಳಿಕೆ ಎದುರಿಗೆ ನಿಂತ. ಲಾಡಿಸ್ಲಾವ್ ಬಿಯೆಲಿಕ್ ಅನ್ನೋ ಛಾಯಾಗ್ರಾಹಕ ಅದನ್ನ ಸೆರೆ ಹಿಡಿದ. ಜಗತ್ತೆಲ್ಲಾ ನೋಡಿದ ಚಿತ್ರ ಅದು.

ಅದೇ ವರ್ಷ ದೇಶದ ಕಪ್ ಗೆದ್ದಿದ್ದ ಸ್ಲೊವಾನ್, ಯುರೋಪಿನ ಕಪ್ ವಿನ್ನರ್ಸ್ ಕಪ್ ಆಡೋಕೆ ಅರ್ಹತೆ ಪಡೆದಿತ್ತು. ಬೇರೆ ಬೇರೆ ದೇಶಗಳಲ್ಲಿ ಕಪ್ ಗೆದ್ದವರೆಲ್ಲಾ ಸೇರಿ ಆಡುವ ಟೂರ್ನಿ ಅದು. ಆಕ್ರಮಣ ಆದ ಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆಗೆ ಪೀಕಲಾಟಕ್ಕೆ ಬಂತು. ಪೂರ್ವದವರನ್ನ ಪಶ್ಚಿಮದವರ ಜೊತೆ ಆಡಿಸೋದು ಹೇಗೆ? ಮೊದಲ ಸುತ್ತಿನ ಪಟ್ಟಿಯನ್ನೇ ಬದಲಾಯಿಸಿ, ಪೂರ್ವದವರು ಪೂರ್ವದವರ ಜೊತೆ ಆಡಲಿ ಅಂತ ಮಾಡಿದರು. ಅದಕ್ಕೆ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೇರಿ, ಪೂರ್ವ ಜರ್ಮನಿ, ಬಲ್ಗೇರಿಯಾ ಸಿಟ್ಟಾಗಿ ಟೂರ್ನಿಯಿಂದಲೇ ಹೊರಗೆ ಹೋದವು. ಆ ಐದು ಹೆಸರು ಇನ್ನೊಂದು ಸಲ ಓದಿ. ಚೆಕೊಸ್ಲೊವಾಕಿಯಾ ಮೇಲೆ ಮುಗಿಬಿದ್ದ ಕೂಟದವರೇ ಅವರು. ಮುಗಿಬಿದ್ದವರು ಮುನಿಸಿಕೊಂಡು ಮನೇಲಿ ಕೂತರು. ಪೆಟ್ಟು ತಿಂದವರು ಆಡೋಕೆ ಹೋದರು.

ಹೋದರು ಅಷ್ಟೇ ಅಲ್ಲ, ಗೆಲ್ತಾನೇ ಹೋದರು. ಯುಗೊಸ್ಲಾವಿಯಾದ ಬೋರ್ ತಂಡವನ್ನ ದಾಟಿದರು. ಪೋರ್ಚುಗಲ್‌ನ ಪೋರ್ಟೊ ಎದುರು ಅಲ್ಲಿ ಒಂದು ಗೋಲಿನಿಂದ ಸೋತು ಬಂದು, ಇಟ್ಟಿಗೆ ಬಯಲಿನಲ್ಲಿ ನಾಲ್ಕು ಹೊಡೆದು ಬಡ್ಡಿ ಸಮೇತ ತೀರಿಸಿದರು. ಇಟಲಿಯ ಟೊರಿನೊವನ್ನ ಅವರ ಊರಲ್ಲೂ ಸೋಲಿಸಿದರು, ತಮ್ಮ ಊರಲ್ಲೂ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ತಂಡವನ್ನ ಮನೆಗೆ ಕಳಿಸಿದರು.

ಇತ್ತ ದೇಶದಲ್ಲಿ ಏನಾಗ್ತಿತ್ತು? ಜನವರಿಯಲ್ಲಿ ಯಾನ್ ಪಾಲಾಖ್ ಅನ್ನೋ ವಿದ್ಯಾರ್ಥಿ ಪ್ರಾಗ್‌ನ ಚೌಕದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಮಾರ್ಚ್ 28ಕ್ಕೆ ಐಸ್ ಹಾಕಿಯಲ್ಲಿ ಚೆಕೊಸ್ಲೊವಾಕಿಯಾ ಸೋವಿಯತ್ ತಂಡವನ್ನ 4-3ರಿಂದ ಸೋಲಿಸ್ತು. ಜನ ಬೀದಿಗೆ ಇಳಿದರು. ಪ್ರಾಗ್‌ನಲ್ಲಿದ್ದ ಸೋವಿಯತ್ ವಿಮಾನ ಕಂಪನಿಯ ಕಚೇರಿ ಪುಡಿ ಆಯ್ತು. ಮಾಸ್ಕೋಗೆ ಅದೇ ನೆಪ ಸಾಕಾಯ್ತು. ಏಪ್ರಿಲ್ 17ಕ್ಕೆ ದುಬ್ಚೆಕ್ ಕುರ್ಚಿ ಹೋಯ್ತು, ಹುಸಾಕ್ ಬಂದು ಕೂತ. ಮುಂದೆ ಅದೇ ದುಬ್ಚೆಕ್‌ಗೆ ಅರಣ್ಯ ಇಲಾಖೆಯಲ್ಲಿ ಒಂದು ಕೆಲಸ ಕೊಟ್ಟು, ಊರಿಗೆ ಇದ್ದೂ ಇಲ್ಲದ ಹಾಗೆ ಮಾಡಿದರು.

ಇಷ್ಟೆಲ್ಲಾ ನಡೆದ ಮೇಲೆ, 1969ರ ಮೇ 21. ಸ್ವಿಟ್ಜರ್ಲೆಂಡಿನ ಬಾಸೆಲ್. ತಾರೀಖು ಗಮನಿಸಿ. ಟ್ಯಾಂಕಿನ ಎದುರು ಆ ಮನುಷ್ಯ ಎದೆ ತೆರೆದು ನಿಂತು ಸರಿಯಾಗಿ ಒಂಬತ್ತು ತಿಂಗಳು.

ಆಟ ಶುರುವಾಗಿ ಎರಡೇ ನಿಮಿಷ. ಸ್ವೆಟ್ಲೆರ್ ಗೋಲು ಹೊಡೆದ. ಬಾರ್ಸಿಲೋನಾದ ಸಲ್ದುವಾ ಸಮ ಮಾಡಿದ. ಅರ್ಧ ಗಂಟೆಗೆ ಹ್ರಿವ್ನಾಕ್ ಹೊಡೆದ. ಅವನು ಹಿಂದೆ ನಿಂತು ಕಾಯಬೇಕಾದ ಡಿಫೆಂಡರ್ ರೀ, ಚೆಂಡು ತಗೊಂಡು ಮುಂದೆ ನುಗ್ಗಿಬಿಟ್ಟಿದ್ದ! 42ನೇ ನಿಮಿಷಕ್ಕೆ ಯಾನ್ ಚಾಪ್ಕೊವಿಚ್ ಮೂರನೆಯದು ಹೊಡೆದ. ವಿರಾಮಕ್ಕೆ 3-1. ಆಮೇಲೆ ರೆಕ್ಸಾಚ್ ಹೊಡೆದ ಕಾರ್ನರ್ ಕಿಕ್ ಯಾರಿಗೂ ತಾಗದೆ ನೇರ ಬಲೆಯೊಳಗೆ ಹೋಯ್ತು. 3-2. ಅಲ್ಲಿಂದ ಮುಂದೆ ಗೋಲ್‌ಕೀಪರ್ ವೆನ್ಸೆಲ್ ಬಲೆ ಕಾದ. ಮಿಚಾಲ್ ವಿಚಾನ್ ಅವರ ಹುಡುಗರು ಗೆದ್ದೇಬಿಟ್ಟರು. ಕ್ಯಾಪ್ಟನ್ ಅಲೆಕ್ಸಾಂಡರ್ ಹೋರ್ವಾತ್ ಕಪ್ ಎತ್ತಿದ.

ಚೆಕ್ ಇರಲಿ, ಸ್ಲೊವಾಕ್ ಇರಲಿ, ಯುರೋಪಿನ ಆ ಫುಟ್‌ಬಾಲ್ ಸಂಸ್ಥೆ ನಡೆಸೋ ಕ್ಲಬ್ ಕಪ್ ಗೆದ್ದದ್ದು ಅದೊಂದೇ ಕ್ಲಬ್. ಇವತ್ತಿನವರೆಗೂ ಅದೊಂದೇ. ಅದೇ ವರ್ಷ ಪಕ್ಕದ ಊರಿನ ಸ್ಪಾರ್ಟಕ್ ತ್ರನಾವಾ ಯುರೋಪಿಯನ್ ಕಪ್‌ನ ಸೆಮಿಫೈನಲ್‌ಗೆ ಹೋಗಿ ಆಯಾಕ್ಸ್‌ನಂಥ ತಂಡಕ್ಕೆ ಬೆವರಿಳಿಸಿತ್ತು. ಮುಂದೆ 1976ರಲ್ಲಿ ಚೆಕೊಸ್ಲೊವಾಕಿಯಾ ಪಶ್ಚಿಮ ಜರ್ಮನಿಯನ್ನ ಪೆನಾಲ್ಟಿಯಲ್ಲಿ ಸೋಲಿಸಿ ಯುರೋಪಿನ ಚಾಂಪಿಯನ್ ಆಯ್ತಲ್ಲ, ಆ ಫೈನಲ್‌ಗೆ ಇಳಿದ ಹನ್ನೊಂದರಲ್ಲಿ ಆರು ಮಂದಿ ಸ್ಲೊವಾನ್‌ನವರು. ಕ್ಯಾಪ್ಟನ್ ಒಂದ್ರುಷ್ ಕೂಡ ಸ್ಲೊವಾನ್‌ನವನೇ.

ಬಾಸೆಲ್‌ನಲ್ಲಿ ಗೆದ್ದ ಮಾತ್ರಕ್ಕೆ ಟ್ಯಾಂಕು ವಾಪಸ್ ಹೋದವಾ? ಇಲ್ಲ. ಸೋವಿಯತ್ ಸೈನ್ಯ ಅಲ್ಲಿಂದ ಪೂರ್ತಿ ಖಾಲಿ ಮಾಡಿದ್ದು 1991ರಲ್ಲಿ. ಕಪ್ ಒಂದು ದೇಶವನ್ನ ಬಿಡುಗಡೆ ಮಾಡಲ್ಲ. ಮಾತಾಡೋಕೆ ಬಿಡದ ಊರಿನಲ್ಲಿ ಕೂಗೋಕೆ ಒಂದು ಜಾಗ ಕೊಡುತ್ತೆ, ಅಷ್ಟೇ. ಆದ್ರೆ ಅಂಥಾ ಊರಿನಲ್ಲಿ ಅಷ್ಟು ಸಿಕ್ಕೋದೂ ಸಣ್ಣ ಮಾತಲ್ಲ.

ಈಗ ನನ್ನ ಮುಖ್ಯ ಪ್ರಶ್ನೆಗೆ ಬರ್ತೀನಿ. ಅಷ್ಟು ಚಿಕ್ಕ ಜಾಗದಿಂದ ಅಷ್ಟು ದೊಡ್ಡ ತಂಡ ಆಗ ಹೇಗೆ ಎದ್ದು ನಿಂತಿತ್ತು? ಪ್ರತಿಭೆ ಇತ್ತು, ನಿಜ. ಶಿಸ್ತಿತ್ತು, ನಿಜ. ಆದ್ರೆ ಇನ್ನೊಂದು ಕಾರಣ ಇದೆ. ಹೇಳೋಕೆ ಕಷ್ಟ ಆಗುತ್ತೆ, ಆದ್ರೂ ಹೇಳ್ತೀನಿ. ಆ ಹುಡುಗರಿಗೆ ಬೇರೆ ಎಲ್ಲಿಗೂ ಹೋಗೋಕೆ ಬಿಡ್ತಿರಲಿಲ್ಲ! ಪಶ್ಚಿಮದ ದುಡ್ಡಿನ ಕ್ಲಬ್ಬುಗಳು ಕರೆದರೆ ಎದ್ದು ಹೋಗೋ ಹಾಗಿರಲಿಲ್ಲ. ಗಡಿಗೆ ಬೇಲಿ ಇತ್ತು. ಹೋಗಬೇಕು ಅಂದ್ರೆ ಕುಬಾಲಾ ಥರ ಎಲ್ಲಾ ಬಿಟ್ಟು ಓಡಬೇಕಿತ್ತು. ಹಾಗಾಗಿ ಒಳ್ಳೇ ಆಟಗಾರರೆಲ್ಲಾ ಒಂದೇ ತಂಡದಲ್ಲಿ ವರ್ಷಗಟ್ಟಲೆ ಉಳಿದರು, ಒಟ್ಟಿಗೆ ಬಲಿತರು. ಜನರನ್ನ ಒಳಗೆ ಕೂಡಿಹಾಕಿದ ಬೇಲಿಯೇ ತಂಡವನ್ನೂ ಕೂಡಿಸಿ ಇಟ್ಟಿತ್ತು.

1989ರಲ್ಲಿ ಆ ಬೇಲಿ ಬಿತ್ತು. 1992ರಲ್ಲಿ ಸ್ಲೊವಾನ್ ಚೆಕೊಸ್ಲೊವಾಕ್ ಲೀಗನ್ನ ಎಂಟನೇ ಸಲ ಗೆದ್ದಿತು. ಅದೇ ಕೊನೇದು. 1993ರ ಜನವರಿ 1ಕ್ಕೆ ದೇಶವೇ ಎರಡಾಯ್ತು, ಒಂದು ಹನಿ ರಕ್ತ ಬೀಳದೆ. ಅದೇ ವರ್ಷ ಸ್ಲೊವಾನ್‌ನ ಚಿನ್ನದ ಕಾಲಿನ ಹುಡುಗ ಪೀಟರ್ ದುಬೊವ್ಸ್ಕಿಯನ್ನ ರಿಯಲ್ ಮ್ಯಾಡ್ರಿಡ್ ಎತ್ಕೊಂಡು ಹೋಯ್ತು. 1995ರಲ್ಲಿ ಯುರೋಪಿನ ನ್ಯಾಯಾಲಯ ಬಾಸ್ಮನ್ ತೀರ್ಪು ಕೊಟ್ಟಿತು. ಒಪ್ಪಂದ ಮುಗಿದ ಆಟಗಾರನನ್ನ ಹಳೇ ಕ್ಲಬ್ ಹಿಡಿದಿಡೋ ಹಾಗಿಲ್ಲ, ಒಕ್ಕೂಟದೊಳಗಿನ ಆಟಗಾರರಿಗೆ ವಿದೇಶಿಯರು ಅಂತ ಮಿತಿ ಹಾಕೋ ಹಾಗಿಲ್ಲ. ಮುಂದೆ ಸ್ಲೊವಾಕಿಯಾವೂ ಯುರೋಪಿಯನ್ ಒಕ್ಕೂಟ ಸೇರಿತು. ಆಟಗಾರರಿಗೆ ಸ್ವಾತಂತ್ರ್ಯ ಸಿಕ್ಕಿತು. ದುಡ್ಡಿದ್ದ ಕ್ಲಬ್ಬುಗಳಿಗೆ ಇಡೀ ಖಂಡವೇ ಸಂತೆ ಆಯ್ತು. ಮರೆಕ್ ಹಮ್ಶಿಕ್ ಅನ್ನೋ ಹುಡುಗ 17ನೇ ವಯಸ್ಸಿಗೇ ಸ್ಲೊವಾನ್ ಬಿಟ್ಟು ಇಟಲಿಗೆ ಹೋದ, ನಪೋಲಿಯ ಕ್ಯಾಪ್ಟನ್ ಆದ. ಅವನ ಒಳ್ಳೇ ವರ್ಷಗಳನ್ನ ನೋಡಿದ್ದು ನಪೋಲಿಯವರು, ಬ್ರಾಟಿಸ್ಲಾವಾದವರಲ್ಲ.

2004ರಲ್ಲಂತೂ ಸ್ಲೊವಾನ್ ಎರಡನೇ ದರ್ಜೆಗೆ ಬಿತ್ತು. ಬಾರ್ಸಿಲೋನಾವನ್ನ ಸೋಲಿಸಿದ ಕ್ಲಬ್ ಸಣ್ಣಪುಟ್ಟ ಊರಿನ ತಂಡಗಳ ಜೊತೆ ಆಡ್ತಿತ್ತು. ಆ ಹೊತ್ತಿಗೆ ನದಿಯ ಆಚೆ ದಂಡೆಯ ಅರ್ತ್‌ಮೀಡಿಯಾ ಪೆತ್ರ್ಜಾಲ್ಕಾ ಚಾಂಪಿಯನ್ಸ್ ಲೀಗ್ ಆಡ್ತು, ಅದೂ ಸ್ಲೊವಾನ್‌ನ ಇಟ್ಟಿಗೆ ಬಯಲಿನಲ್ಲೇ! ಅದರ ಕೋಚ್ ವ್ಲಾದಿಮಿರ್ ವೈಸ್. ಹತ್ತೊಂಬತ್ತು ವರ್ಷ ಆದ ಮೇಲೆ ಸ್ಲೊವಾನನ್ನ ಅದೇ ಚಾಂಪಿಯನ್ಸ್ ಲೀಗ್‌ಗೆ ಕರ್ಕೊಂಡು ಹೋದದ್ದೂ ಇದೇ ವೈಸ್. ತಂಡದಲ್ಲಿ ಅವನ ಮಗನೂ ಇದ್ದ, ಹೆಸರು ಅದೇ ವ್ಲಾದಿಮಿರ್ ವೈಸ್. ಮೆಸಿಡೋನಿಯಾ, ಸ್ಲೊವೇನಿಯಾ, ಸೈಪ್ರಸ್, ಡೆನ್ಮಾರ್ಕ್, ನಾಲ್ಕು ದೇಶಗಳ ತಂಡಗಳನ್ನ ಸೋಲಿಸಿದ ಮೇಲಷ್ಟೇ ಆ ಬಾಗಿಲು ತೆರೆದದ್ದು. ಆ ಎಂಟು ಸೋಲಿನ ಹಿಂದೆ ಇಂಥಾ ನಾಲ್ಕು ಗೆಲುವಿದೆ. ಅದನ್ನ ಯಾರೂ ಹೇಳಲ್ಲ.

ಹಾಗಂತ ಈ ಕ್ಲಬ್ಬನ್ನ ತಲೆ ಮೇಲೆ ಹೊತ್ಕೊಂಡು ಕುಣೀರಿ ಅಂತಾನೂ ನಾನು ಹೇಳಲ್ಲ. 2019ರಲ್ಲಿ ಇದರ ಒಂದಷ್ಟು ಅಭಿಮಾನಿಗಳ ಜನಾಂಗೀಯ ದ್ವೇಷದ ವರ್ತನೆಗೆ ಶಿಕ್ಷೆಯಾಗಿ, ಇಂಗ್ಲೆಂಡಿನ ವುಲ್ವ್ಸ್ ಜೊತೆಗಿನ ಪಂದ್ಯಕ್ಕೆ ಸ್ಟೇಡಿಯಂ ಬಾಗಿಲು ಹಾಕಿಸಿದರು. ದೊಡ್ಡವರಿಗೆ ಪ್ರವೇಶ ಇಲ್ಲ, ಮಕ್ಕಳು ಮತ್ತು ಅವರನ್ನ ಕರ್ಕೊಂಡು ಬರೋ ಕೆಲವರಿಗೆ ಮಾತ್ರ ಅಂದರು. ಅದೇ ವರ್ಷ ಕಟ್ಟಿ ಮುಗಿಸಿದ ಹೊಸ ಸ್ಟೇಡಿಯಂ, 22,500 ಸೀಟು. ಅದರ ತುಂಬಾ ಮಕ್ಕಳ ಕೂಗು. ದೊಡ್ಡವರು ಮಾಡಿದ ಹೊಲಸಿಗೆ ಮಕ್ಕಳು ಬಂದು ಜಾಗ ತುಂಬಿದರು. 1942 ನೋಡಿದ ಊರಿಗೆ ಈ ಪಾಠ ಇನ್ನೊಂದು ಸಲ ಬೇಕಾಗಿತ್ತಾ? ಬೇಕಾಗಿತ್ತು ಅಂತ ಕಾಣುತ್ತೆ.

ಹಾಗಾದ್ರೆ ಈ ಎಂಟು ಸೋಲನ್ನ ಏನಂತ ಓದಬೇಕು? ನಾನು ಹೀಗೆ ಓದ್ತೀನಿ. ಹಳೇ ಕಾಲವೇ ಚೆನ್ನಾಗಿತ್ತು, ಆಗ ಗೆಲ್ತಿದ್ವಿ ಅನ್ನೋರು ಎಲ್ಲಾ ದೇಶದಲ್ಲೂ ಇರ್ತಾರೆ. ಅವರಿಗೆ ನಾನು ಕೇಳೋದು ಒಂದೇ. ಬಾಸೆಲ್‌ನ ಆ ಕಪ್ ಮತ್ತೆ ಬೇಕು ಅಂದ್ರೆ ಆ ಬೇಲಿಯೂ ಮತ್ತೆ ಬೇಕಾ? ಹುಡುಗರನ್ನ ಒಳಗೆ ಕೂಡಿಹಾಕಿ ಕಟ್ಟಿದ ತಂಡ ಬೇಕಾ, ಇಲ್ಲಾ ಬಾಗಿಲು ತೆಗೆದಿಟ್ಟು, ಯಾರು ಎಲ್ಲಿಗೆ ಬೇಕಾದ್ರೂ ಹೋಗಿ ಆಡ್ರಪ್ಪಾ ಅಂತ ಬಿಟ್ಟು, ಆಮೇಲೆ 27 ಗೋಲು ತಿನ್ನೋ ತಂಡ ಬೇಕಾ? ನನ್ನನ್ನ ಕೇಳಿದ್ರೆ ಎರಡನೇದು. ಆ 27 ಗೋಲಿನಲ್ಲಿ ಒಂದಷ್ಟು ಸ್ವಾತಂತ್ರ್ಯದ ಬಿಲ್ಲು ಕಣ್ರೀ. ದುಬಾರಿ ಬಿಲ್ಲೇ. ಆದ್ರೆ ಕಟ್ಟಬಹುದಾದ ಬಿಲ್ಲು.

ದುಡ್ಡಿದ್ದವರ ಕೈಗೇ ಆಟವೆಲ್ಲಾ ಹೋಗ್ತಿದೆ ಅನ್ನೋ ಸಿಟ್ಟು ಇರಲಿ, ಇರಲೇಬೇಕು. ಅದನ್ನ ಸರಿಮಾಡೋ ದಾರಿ ಹುಡುಕಲಿ. ಆದ್ರೆ ಆ ದಾರಿ ಬೇಲಿ ಕಡೆಗೆ ಹೋಗದೇ ಇರಲಿ.

ಈ ಕ್ಲಬ್ಬಿಗೆ ಹೆಸರು ಇಟ್ಟವರು, ತೆಗೆದವರು, ಮತ್ತೆ ಇಟ್ಟವರು ಎಲ್ಲಾ ಹೋದರು. ಸಾಮ್ರಾಜ್ಯ ಹೋಯ್ತು, ಹಿಟ್ಲರ್ ಹೋದ, ಕಮ್ಯುನಿಸ್ಟರು ಹೋದರು, ಚೆಕೊಸ್ಲೊವಾಕಿಯಾವೇ ಹೋಯ್ತು. ಇಟ್ಟಿಗೆ ಬಯಲು ಅಲ್ಲೇ ಇದೆ. ಬಯರ್ನ್ ಕೈಲಿ ಸೋತು ಬಂದ ಮೇಲೂ ಜನ ಟಿಕೆಟ್ ತಗೊಂಡು ಅಲ್ಲಿಗೇ ಬರ್ತಾರೆ. ಗೆದ್ದಾಗ ಮಾತ್ರ ನಮ್ಮದು ಅನ್ನೋದು ಸುಲಭ. ಸೋತಾಗ, ತಲೆತಗ್ಗಿಸೋ ಕೆಲಸ ಮಾಡಿದಾಗ, ಆಗಲೂ ಇದು ನಮ್ಮದೇ, ಸರಿಮಾಡ್ಕೋಬೇಕಾದವರೂ ನಾವೇ ಅಂತ ಹೇಳೋಕೆ ಬರಬೇಕು.